ಕನ್ಸರ್ವೆನ್ಸಿಯ ಸೆಕ್ರೆಟ್ರಿ

ಅವರ ಎಡಗಾಲಿನ ಪ್ಯಾಂಟು ಬಲಗಾಲಿನದಕ್ಕಿಂತ ಯಾವಾಗಲೂ ಎರಡು ಮಡಿಕೆ ಮೇಲಿರುತ್ತಿತ್ತು. ಮೋರಿಗೆ ಇಳಿಯುವಾಗ ಮೊದಲು ಎಡಗಾಲು ಇಡುತ್ತಿದ್ದರು, ಅದಕ್ಕೆ. ಮದುವೆ ಮನೆಗೆ ಬರುವಾಗ ಮಡಿಕೆ ಬಿಚ್ಚಿರುತ್ತಿದ್ದರು ನಿಜ, ಆದರೆ ಇಸ್ತ್ರಿ ಪೆಟ್ಟಿಗೆಗೂ ಬಗ್ಗದ ಎರಡು ಅಡ್ಡ ಗೆರೆಗಳು ಮೊಣಕಾಲಿನ ಕೆಳಗೆ ಹಾಗೇ ಉಳಿದಿರುತ್ತಿದ್ದವು. ನಮ್ಮ ಬಡಾವಣೆಯವರು ಅದನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ದಾವಣಗೆರೆಯಲ್ಲಿ ಎಂ.ಸಿ.ಸಿ. ಬಡಾವಣೆ ಎಂದರೆ ಎಲ್ಲರಿಗೂ ಗೊತ್ತು. ಅದರಾಚೆ ನಮ್ಮದೊಂದು ಪುಟ್ಟ ಬಡಾವಣೆ, ಎದುರುಬದುರು ನಾಲ್ಕು ಸಾಲು ಮನೆಗಳು. ಅದಕ್ಕೊಂದು ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ. ಆ ಸಂಘಕ್ಕೆ ಅವರು ಹನ್ನೊಂದು ವರ್ಷ ಕಾರ್ಯದರ್ಶಿ. ಅಧ್ಯಕ್ಷರು ಬದಲಾಗುತ್ತಿದ್ದರು, ಖಜಾಂಚಿಗಳು ಬದಲಾಗುತ್ತಿದ್ದರು, ಇವರು ಮಾತ್ರ ಬದಲಾಗುತ್ತಿರಲಿಲ್ಲ, ಏಕೆಂದರೆ ಆ ಕೆಲಸ ಬೇರೆ ಯಾರಿಗೂ ಬೇಕಿರಲಿಲ್ಲ. ಮಕ್ಕಳಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಅವರು ಸೆಕ್ರೆಟ್ರಿ. ಹರಿಹರದವರು. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು, ಅದು ಬಾಗಿಲು ಹಾಕಿದ ಮೇಲೆ ಕರೂರು ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪಿನಲ್ಲಿ ಉಳಿದ ಸರ್ವಿಸ್ ಮುಗಿಸಿದ್ದರು. ನಮ್ಮ ಬಡಾವಣೆಯ ಕೊನೆಯ ತಗ್ಗಿನ ಸೈಟು ಯಾರಿಗೂ ಬೇಡವಾಗಿ ಬಿದ್ದಿತ್ತು. ಅದನ್ನು ಕೊಂಡು ಎರಡು ಕೋಣೆಯ ಮನೆ ಕಟ್ಟಿದ್ದರು. ಮಕ್ಕಳಿರಲಿಲ್ಲ. ಗಂಡ, ಹೆಂಡತಿ ಇಬ್ಬರೇ.

ನಮ್ಮೂರಿನ ಹಳೆಯ ಬಡಾವಣೆಗಳಲ್ಲಿ ಕನ್ಸರ್ವೆನ್ಸಿ ಎಂದು ಇರುತ್ತದೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಸಾಲು ಮನೆಗಳ ನಡುವಿನ ಕಿರುಓಣಿ. ನೆಲದಡಿಯಲ್ಲಿ ಮೋರಿ, ಅಲ್ಲಲ್ಲಿ ಚೇಂಬರ್ ಎಂಬ ಗುಂಡಿ, ಗುಂಡಿಗೊಂದು ತೂತಿನ ಮುಚ್ಚಳ. ಮನೆಯ ಬಚ್ಚಲ ನೀರು ಒಳಗಿನಿಂದ, ಮಳೆ ನೀರು ಮುಚ್ಚಳದ ತೂತಿನಿಂದ ಇಳಿದು ಹೋಗಬೇಕು. ಆ ಓಣಿ ಯಾರದೂ ಅಲ್ಲ, ಹಾಗಾಗಿ ಎಲ್ಲರದೂ ಹೌದು. ಮೊದಲ ವರ್ಷ ಹಿತ್ತಲ ಬಾಗಿಲಾಚೆ ಒಂದು ಹೂವಿನ ಕುಂಡ ಬರುತ್ತದೆ. ಮರುವರ್ಷ ಬಟ್ಟೆ ಒಗೆಯುವ ಕಲ್ಲು. ಆಮೇಲೆ ಅದರ ಮೇಲೊಂದು ತಗಡು. ನಾಲ್ಕನೇ ವರ್ಷಕ್ಕೆ ತಗಡಿನ ಸುತ್ತ ಗೋಡೆ ಎದ್ದು, ಒಳಗಿನಿಂದ ನೀರೊಲೆಯ ಹೊಗೆ ಬರಲು ಶುರುವಾಗುತ್ತದೆ. ಮುಂಬಾಗಿಲಿಗೆ ರಂಗೋಲಿ ಹಾಕಿ ಮರ್ಯಾದಸ್ಥರಾಗಿ ಬದುಕುವ ನಾವೆಲ್ಲ ಹಿತ್ತಲಲ್ಲಿ ಏನು ಎನ್ನುವುದು ಸೆಕ್ರೆಟ್ರಿಗೆ ಮಾತ್ರ ಗೊತ್ತಿತ್ತು.

ಅದನ್ನು ತಡೆಯಲು ಅವರು ಕಂಡುಕೊಂಡಿದ್ದ ಉಪಾಯವನ್ನು ನಾನು ಬೇರೆಲ್ಲೂ ನೋಡಿಲ್ಲ. ಹೋಳಿ ಹಬ್ಬ ಮುಗಿದ ಮೇಲೆ ಬರುವ ಮೊದಲ ಭಾನುವಾರ ಬೆಳಗ್ಗೆ ಮನೆಮನೆಗೆ ಹೋಗಿ, ಹುಡುಗರು ಆಡಿ ಉಳಿಸಿದ ಬಣ್ಣದ ಪುಡಿಯನ್ನೆಲ್ಲ ಒಂದು ಡಬ್ಬಿಗೆ ಸುರಿಸಿಕೊಳ್ಳುತ್ತಿದ್ದರು. ಕನ್ಸರ್ವೆನ್ಸಿಯ ಎತ್ತರದ ತುದಿಯಲ್ಲಿ ಒಂದು ಡ್ರಮ್ಮು ನೀರಿಗೆ ಆ ಬಣ್ಣ ಕಲಸಿ ಮೊದಲ ಚೇಂಬರಿಗೆ ಬಿಡುವುದು. ಆಮೇಲೆ ಒಂದೊಂದೇ ಮುಚ್ಚಳ ಎತ್ತಿ, ಬಣ್ಣ ಅಲ್ಲಿಗೆ ಬಂತೋ ಇಲ್ಲವೋ ನೋಡುತ್ತ ತಗ್ಗಿನ ತುದಿಯಲ್ಲಿದ್ದ ತಮ್ಮ ಮನೆಯವರೆಗೆ ನಡೆಯುವುದು. ಬಣ್ಣ ಬರದೆ ನಿಂತ ಕಡೆ ಆ ಮನೆಯ ಹಿಂಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ. ಅಷ್ಟೇ. ಮಳೆಗಾಲ ಶುರುವಾಗುವುದರೊಳಗೆ ಆ ಗೆರೆ ಹೋಗಬೇಕು. ಹೋಗದಿದ್ದರೆ ಅವರೇ ಪ್ಯಾಂಟು ಮಡಚಿ ಇಳಿಯುತ್ತಿದ್ದರು.

ನಾನು ಮನೆ ಕಟ್ಟಿಸಿ ಬಂದ ಮೊದಲ ವರ್ಷ ಬಣ್ಣ ನಿಂತದ್ದು ನನ್ನ ಮನೆಯ ಹಿಂದೆಯೇ. ಎಂಟು ಹತ್ತು ಜನ ನೆರೆದಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ, ಊರಿಗೆಲ್ಲ ಬುದ್ಧಿ ಹೇಳುವ ಮೇಷ್ಟರ ಮನೆಯ ಹಿಂದೆ ಕೆಂಪು ನೀರು ಗಟ್ಟಿಯಾಗಿ ನಿಂತಿತ್ತು. ನನಗೆ ಅವಮಾನವಾಗಿ ಸಿಟ್ಟು ಬಂತು. ಏನೋ ಅನ್ನಲು ಹೋದೆ. ಅಷ್ಟರಲ್ಲಿ ಅವರು ಗುಂಡಿಯೊಳಗೆ ಭುಜದವರೆಗೆ ಕೈ ಬಿಟ್ಟಿದ್ದರು. ಸಿಮೆಂಟಿನ ಒಂದು ಹೆಂಟೆ ಎಳೆದು ಹಾಕಿ, "ಹೊಸಬ್ರು ನೀವು. ಇದು ಗಾರೆ ಕೆಲಸದೋರು ಬಿಟ್ಟು ಹೋಗ್ಯಾರೆ, ನಿಮ್ದೇನೂ ತಪ್ಪಿಲ್ಲ ಮೇಷ್ಟ್ರೆ" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ಗೋಡೆಗೆ ಗೆರೆ ಹಾಕಲಿಲ್ಲ.

ಅವತ್ತು ನಡಿಗೆ ಮುಗಿದ ಮೇಲೆ ವಾಡಿಕೆಯಂತೆ ಎಲ್ಲರಿಗೂ ಅವರ ಮನೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ. ಅವರ ಹೆಂಡತಿ, ನಾವೆಲ್ಲ ಅಕ್ಕ ಅನ್ನುತ್ತಿದ್ದೆವು, ಬಾಣಲೆಯಿಂದ ನೇರ ತಟ್ಟೆಗೆ ಹಾಕುತ್ತಿದ್ದರು. ಸೆಕ್ರೆಟ್ರಿ ನನ್ನ ಪಕ್ಕ ಬಂದು ಕೂತರು.

"ಮೇಷ್ಟ್ರೆ, ನಂದು ಅಕ್ಷರ ಕೋಳಿ ಕಾಲು. ಸಂಘದ ಪತ್ರ ನೀವು ಬರೆದು ಕೊಡ್ರಿ."

ಹೀಗೆ ನಾನು ಅವರ ಬರವಣಿಗೆಯವನಾದೆ. ತಿಂಗಳಿಗೆ ಎರಡು ಸಲವಾದರೂ ಅವರು ಬಂದು ನಮ್ಮ ವರಾಂಡದಲ್ಲಿ ಕೂರುತ್ತಿದ್ದರು. ಬೀದಿ ದೀಪಕ್ಕೆ ಒಂದು ಅರ್ಜಿ, ಪಾರ್ಕಿನ ಬೇಲಿಗೆ ಒಂದು ಅರ್ಜಿ, ಮನೆಯವರಿಗೆ ಸೂಚನೆಗಳು. ಮೊದಲ ಸೂಚನೆಯಲ್ಲಿ ನಾನು "ಸಾರ್ವಜನಿಕ ಸ್ಥಳವನ್ನು ಅತಿಕ್ರಮಿಸಿರುವ ತಾವು" ಎಂದು ಠೀವಿಯಿಂದ ಶುರು ಮಾಡಿದ್ದೆ. ಅವರು ಓದಿಸಿ ಕೇಳಿ, ತಲೆ ಅಲ್ಲಾಡಿಸಿದರು.

"ಇದು ಬ್ಯಾಡ್ರಿ. ನಿಮ್ಮನಿ ಹಿಂದೆ ನೀರು ನಿಂತೈತೆ, ದಯಮಾಡಿ ಬಂದು ನೋಡ್ರಿ, ಇಷ್ಟೇ ಬರೀರಿ."

"ಅವರು ಮಾಡಿದ್ದು ತಪ್ಪಲ್ಲವಾ ಸೆಕ್ರೆಟ್ರಿ ಸಾರ್?"

"ತಪ್ಪೇ. ಆದ್ರೆ ಮನುಷ್ಯನ ಬಗ್ಗೆ ಬರೆದ್ರೆ ಅವ ಜಗಳಕ್ಕೆ ಬರ್ತಾನೆ. ನೀರಿನ ಬಗ್ಗೆ ಬರೆದ್ರೆ ಬಂದು ನೋಡ್ತಾನೆ. ನಂಗೆ ಬೇಕಾಗಿರೋದು ಅವ ಬಂದು ನೋಡೋದು."

ಅಷ್ಟು ವರ್ಷಗಳಲ್ಲಿ ಒಬ್ಬರ ಹೆಸರು ಹಿಡಿದು ಒಂದು ಕೆಟ್ಟ ಮಾತು ಅವರು ನನ್ನಿಂದ ಬರೆಸಲಿಲ್ಲ. ನನಗೆ ಅದು ಸಪ್ಪೆ ಅನ್ನಿಸುತ್ತಿತ್ತು. ಬರೆಯುವ ಕೈಗೆ ಒಂದಿಷ್ಟು ಖಾರ ಬೇಕು ಎಂದು ನಂಬಿದ್ದ ಮೂರ್ಖ ನಾನು.

ಮಗಳ ನಿಶ್ಚಿತಾರ್ಥದ ದಿನದ ಸಂಗತಿ ಹೇಳಲೇಬೇಕು. ಮನೆಯಲ್ಲೇ ಇಟ್ಟುಕೊಂಡಿದ್ದೆವು. ಬೀಗರು ಬಂದು ಕೂತಿದ್ದಾರೆ, ಬಚ್ಚಲಿನಿಂದ ನೀರು ಉಕ್ಕಿ ಅಡುಗೆಮನೆ ಕಡೆ ಬರುತ್ತಿದೆ. ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡು ಅಳತೊಡಗಿದಳು. ಸೆಕ್ರೆಟ್ರಿ ಅತಿಥಿಯಾಗಿ ಹೊಸ ಬಿಳಿ ಅಂಗಿ ಹಾಕಿಕೊಂಡು ಬಂದವರು. ನನ್ನ ಮುಖ ನೋಡಿದರು, ನೇರ ಹಿತ್ತಲಿಗೆ ಹೋದರು. ಅರ್ಧ ಗಂಟೆಯಲ್ಲಿ ನೀರು ಇಳಿಯಿತು. ಬೀಗರಿಗೆ ಏನೂ ತಿಳಿಯಲಿಲ್ಲ. ಆ ಅಂಗಿಯಲ್ಲಿ ಅವರು ಪಂಕ್ತಿಗೆ ಬರುವ ಹಾಗಿರಲಿಲ್ಲ. "ನಾ ಮನಿಗೋಗಿ ಸ್ನಾನ ಮಾಡ್ತೀನಿ, ನೀವು ಬೀಗ್ರನ್ನ ನೋಡ್ಕಳ್ರಿ" ಅಂದರು. ಸ್ನಾನ ಮಾಡಿ ಬನ್ನಿ, ನಿಮ್ಮ ಜೊತೆ ನಾನು ಊಟಕ್ಕೆ ಕೂರುತ್ತೇನೆ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಸಂಜೆ ಊಟದ ಕ್ಯಾರಿಯರ್ ಕಳಿಸಿದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮ ಬಡಾವಣೆಯಲ್ಲಿ ಕೆಸರು ಅವರ ಕೈಗೆ, ಮೊಸರು ನಮ್ಮ ಬಾಯಿಗೆ.

ಆಮೇಲೆ ಹೊಸ ಅಧ್ಯಕ್ಷರು ಬಂದರು. ಜವಳಿ ವ್ಯಾಪಾರಿ, ಮಾತಿನಲ್ಲಿ ಬೆಣ್ಣೆ. ಬಡಾವಣೆಗೆ ಹೊಸ ರೂಪ ಕೊಡುತ್ತೇನೆ ಎಂದರು. ರಸ್ತೆಯ ಬಾಯಿಗೆ ಸ್ವಾಗತ ಕಮಾನು, ಪಾರ್ಕಿಗೆ ಬಣ್ಣದ ದೀಪ, ಕನ್ಸರ್ವೆನ್ಸಿಗೆ ಈ ತುದಿಯಿಂದ ಆ ತುದಿಗೆ ಪೇವರ್ಸ್ ಎಂಬ ಸಿಮೆಂಟಿನ ಹಾಸುಗಲ್ಲು. ಹಿಂದಿನಿಂದಲೂ ಗಾಡಿ ತರಬಹುದು, ಪ್ರತಿ ಮನೆಯೂ ಹಿತ್ತಲಿಗೊಂದು ಗೇಟು ಇಟ್ಟುಕೊಳ್ಳಬಹುದು ಎಂದರು. ನಾನು ಆ ವರ್ಷವಷ್ಟೇ ಕಾರು ಕೊಂಡಿದ್ದೆ. ಮುಂದೆ ನಿಲ್ಲಿಸಲು ಜಾಗವಿರಲಿಲ್ಲ.

ಆ ಯುಗಾದಿಯ ನಂತರ ವಾರ್ಷಿಕ ಸಭೆ ನಡೆಯಿತು. ನಮ್ಮ ಸಂಘದಲ್ಲಿ ಕೈ ಎತ್ತುವ ಪದ್ಧತಿಯಿಲ್ಲ. ಕೈ ಎತ್ತಿದರೆ ಯಾರು ಎತ್ತಲಿಲ್ಲ ಎಂದು ಕಾಣುತ್ತದೆ, ಅಕ್ಕಪಕ್ಕದವರ ಮನಸ್ಸು ಕೆಡುತ್ತದೆ. ಹಾಗಾಗಿ ಚಪ್ಪಾಳೆ ಹೊಡೆಯುವುದು, ಸರ್ವಾನುಮತ ಎಂದು ಬರೆಯುವುದು. ಸೆಕ್ರೆಟ್ರಿ ಎದ್ದು ನಿಂತು, ಪೇವರ್ಸ್ ಹಾಕಿರಿ, ಆದರೆ ಮುಚ್ಚಳಗಳನ್ನು ಬಿಟ್ಟು ಹಾಕಿರಿ ಎಂದರು.

ಅಧ್ಯಕ್ಷರು ನಕ್ಕರು. "ನಡು ನಡುವೆ ಆ ತುಕ್ಕು ಮುಚ್ಚಳ ಕಂಡ್ರೆ ಹೆಂಗೆ ಕಾಣ್ತೈತೆ ಹೇಳ್ರಿ. ಉದ್ಘಾಟನೆಗೆ ದೊಡ್ಡೋರು ಬರ್ತಾರೆ, ಫೋಟೋ ತೆಗೀತಾರೆ. ಬೇಕಾದಾಗ ನಾಕು ಪೇವರ್ಸ್ ಎತ್ತಿದ್ರೆ ಆಯ್ತಪ."

"ಮಳಿ ನೀರು ಆ ತೂತಿಂದನೇ ಇಳಿಬೇಕ್ರಿ. ಮುಚ್ಚಿದ್ರೆ ಎಲ್ಲಿಗೆ ಹೋಗ್ತೈತೆ?" ಎಂದ ಸೆಕ್ರೆಟ್ರಿ ಆಚೀಚೆ ನೋಡಿ ನನ್ನ ಕಡೆ ತಿರುಗಿದರು. "ಮೇಷ್ಟ್ರೆ, ನಿಮಗೆ ಗೊತ್ತೈತಲ್ಲ. ನೀವಾದ್ರೂ ಹೇಳ್ರಿ."

ನನಗೆ ಗೊತ್ತಿತ್ತು. ನಾನು ಚಪ್ಪಲಿ ನೋಡುತ್ತ ಕೂತೆ. ಯಾರೋ ಮೊದಲು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು, ನಾನೂ ತಟ್ಟಿದೆ. ಅದೇ ಚಪ್ಪಾಳೆಯ ಬಿಸಿಯಲ್ಲಿ, ಸೆಕ್ರೆಟ್ರಿಯವರಿಗೆ ವಯಸ್ಸಾಯಿತು, ವಿಶ್ರಾಂತಿ ಬೇಕು, ಇನ್ನು ಮೇಲೆ ಮೇಷ್ಟರೇ ಕಾರ್ಯದರ್ಶಿ ಎಂದು ಅಧ್ಯಕ್ಷರು ಘೋಷಿಸಿಬಿಟ್ಟರು. ಅವರಿಗೊಂದು ಶಾಲು ಹೊದಿಸಿದರು. ಅವರು ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ಮನೆಗೆ ಹೋದರು. ಅಂದಿನಿಂದ ನಾನು ಕಾರ್ಯದರ್ಶಿ, ಆದರೆ ಬಡಾವಣೆಯಲ್ಲಿ ಯಾರೂ ನನ್ನನ್ನು ಸೆಕ್ರೆಟ್ರಿ ಎಂದು ಕರೆಯಲಿಲ್ಲ. ಆ ಹೆಸರು ಅವರ ಜೊತೆಗೇ ಹೋಯಿತು.

ಪೇವರ್ಸ್ ಬಂದವು. ಕೆಂಪು, ಬೂದು, ಕೆಂಪು, ಬೂದು. ನೋಡಲು ಚೆನ್ನಾಗಿಯೇ ಇತ್ತು, ಮೇಲೆ ಥಳಕು, ಒಳಗೆ ಹುಳುಕು. ಉದ್ಘಾಟನೆಗೆ ಬಂದ ದೊಡ್ಡವರು ಕನ್ಸರ್ವೆನ್ಸಿಯಲ್ಲಿ ಹತ್ತು ಹೆಜ್ಜೆ ನಡೆದು ಫೋಟೋಗೆ ನಿಂತರು. ಒಂದು ಮುಚ್ಚಳವೂ ಕಾಣುತ್ತಿರಲಿಲ್ಲ.

ಮುಂಗಾರಿನ ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಬಂತು. ನೀರು ಇಳಿಯಲು ತೂತಿಲ್ಲದೆ, ಪೇವರ್ಸ್ ಮೇಲೆ ಓಡಿ ತಗ್ಗಿನ ಮನೆಗೆ ನುಗ್ಗಿತು. ತಗ್ಗಿನ ಮನೆ ಅವರದು. ನಾಲ್ಕು ಗಂಟೆಯ ಹೊತ್ತಿಗೆ ನನಗೆ ಫೋನ್ ಬಂತು.

"ಮೇಷ್ಟ್ರೆ, ನೀರು ಒಳಗೆ ಬಂದೈತೆ. ಅಕ್ಕಿ ಡ್ರಮ್ಮು, ಹಾಸಿಗೆ, ಎಲ್ಲ ನೆಂದೈತೆ. ಮೂರು ಕಡೆ ಪೇವರ್ಸ್ ಎತ್ತಿಸ್ರಿ ಸಾಕು. ಎಲ್ಲೆಲ್ಲಿ ಅಂತ ನಾ ತೋರಿಸ್ತೀನಿ."

ಅಧ್ಯಕ್ಷರು ಊರಲ್ಲಿಲ್ಲ, ಅವರನ್ನು ಕೇಳಬೇಕು, ಭಾನುವಾರ ಕಮಿಟಿ ಕೂರುತ್ತದೆ, ನೋಡೋಣ ಎಂದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತು. ಆ ಕಡೆಯಿಂದ ನೀರು ಮೊಗೆದು ಚೆಲ್ಲುವ ಸದ್ದು ಕೇಳಿಸಿತು, ಅಕ್ಕ ಇರಬೇಕು. "ಭಾನುವಾರ ಅಲ್ಲೇನ್ರಿ ಕಮಿಟಿ, ಸರಿ ಬಿಡ್ರಿ" ಅಂದರು ಸೆಕ್ರೆಟ್ರಿ.

ಮರುದಿನ ಬೆಳಗ್ಗೆ ಅವರೇ ಹಾರೆ ತಂದರು. ಗೋಡೆಯ ಮೂಲೆಯಿಂದ ಹೆಜ್ಜೆ ಎಣಿಸಿ, ಮೂರು ಕಡೆ ಪೇವರ್ಸ್ ಎತ್ತಿ, ಸರಿಯಾಗಿ ಮೂರು ಮುಚ್ಚಳ ತೆಗೆದರು. ಒಂದು ಕಲ್ಲೂ ಒಡೆದಿರಲಿಲ್ಲ. ಎತ್ತಿದ್ದನ್ನೆಲ್ಲ ಗೋಡೆಗೆ ಒರಗಿಸಿ ಜೋಡಿಸಿಟ್ಟಿದ್ದರು. ಒಂದು ಗಂಟೆಯೊಳಗೆ ಕನ್ಸರ್ವೆನ್ಸಿ ಒಣಗಿತು. ನಾನು ನನ್ನ ಹೊಸ ಹಿತ್ತಲ ಗೇಟಿನಿಂದ ನೋಡುತ್ತಿದ್ದೆ. ಇಳಿದು ಹೋಗಿ ಒಂದು ಕಲ್ಲು ಹಿಡಿಯಲಿಲ್ಲ.

ಅಧ್ಯಕ್ಷರು ಬಾಲ ಸುಟ್ಟ ಬೆಕ್ಕಿನಂತೆ ಬಂದರು. ಹೇಳದೆ ಕೇಳದೆ ಎತ್ತಿದ್ದಾರೆ, ಇವತ್ತು ಇವರು, ನಾಳೆ ಇನ್ನೊಬ್ಬರು ಎಂದರು. ಕಮಿಟಿ ನೋಟಿಸು ಕೊಡಲು ತೀರ್ಮಾನಿಸಿತು. ಏಳು ದಿನದಲ್ಲಿ ಮೊದಲಿನಂತೆ ಕೂಡಿಸಿಕೊಡಬೇಕು, ಇಲ್ಲವಾದರೆ ಕ್ರಮ.

"ಬರೀರಿ ಮೇಷ್ಟ್ರೆ, ನಿಮ್ಮ ಕನ್ನಡ ಭಾರಿ ಚೆಂದ" ಎಂದರು ಅಧ್ಯಕ್ಷರು.

ಬರೆದೆ. ಇಲ್ಲಿ ಸುಳ್ಳು ಹೇಳಲಾರೆ. ಪೇವರ್ಸ್ ಎತ್ತಿದ್ದೀರಿ, ಮರಳಿ ಕೂಡಿಸಿ ಎಂದಷ್ಟೇ ಬರೆದಿದ್ದರೂ ಕಮಿಟಿಗೆ ಸಾಕಾಗುತ್ತಿತ್ತು. ಆದರೆ ಬರೆಯುತ್ತ ಬರೆಯುತ್ತ ನನ್ನ ಕೈಗೆ ಉಮೇದು ಬಂತು. ವರ್ಷಗಟ್ಟಲೆ ಸಪ್ಪೆ ಬರೆದ ಕೈ. "ಅಧಿಕಾರ ಕಳೆದುಕೊಂಡ ಹತಾಶೆಯಿಂದ ತಾವು ಎಸಗಿರುವ ಈ ಕಿಡಿಗೇಡಿ ಕೃತ್ಯ" ಎಂದು ಬರೆದೆ. ಆ ಮಾತನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಓದಿ ಹೇಳಿದಾಗ ಕಮಿಟಿಯವರು ತಲೆದೂಗಿದರು, ಅದು ನನಗೆ ಹಿತವಾಗಿತ್ತು. ಕೆಳಗೆ ಕಾರ್ಯದರ್ಶಿ ಎಂದು ಸಹಿ ಹಾಕಿದೆ. ಒಂದು ಪ್ರತಿ ಅವರ ಮನೆಗೆ, ಇನ್ನೊಂದು ಕಮಾನಿನ ಪಕ್ಕದ ಬೋರ್ಡಿಗೆ. ಶಾಲೆಗೆ ಹೋಗುವ ಹುಡುಗರೂ ನಿಂತು ಓದಿದರು.

ಸಂಜೆ ಅವರು ಬಂದರು. ವರಾಂಡಕ್ಕೆ ಹತ್ತಲಿಲ್ಲ, ಗೇಟಿನಾಚೆಯೇ ನಿಂತರು. ಕೈಯಲ್ಲಿ ನೋಟಿಸು. "ಒಳಗೆ ಬನ್ನಿ" ಎಂದೆ.

"ಬ್ಯಾಡ. ಒಂದು ಕೇಳೋದೈತೆ." ಕಾಗದ ಬಿಚ್ಚಿ ಆ ಸಾಲಿನ ಮೇಲೆ ಬೆರಳಿಟ್ಟರು. "ಕಿಡಿಗೇಡಿ ಅಂತ ಐತಲ್ಲ, ಇದು ಕಮಿಟಿ ಮಾತೋ, ನಿಮ್ಮ ಮಾತೋ?"

"ಕಮಿಟಿಯದು" ಎಂದೆ.

ಅವರು ಕಾಗದ ಮಡಚಿದರು. "ಕಮಿಟಿಗೆ ಇಷ್ಟು ಕನ್ನಡ ಬರಲ್ಲ ಬಿಡ್ರಿ" ಎಂದು ಹೊರಟು ಹೋದರು. ಸಿಟ್ಟು ಮಾಡಿಕೊಂಡಿದ್ದರೆ ನಾನೂ ನಾಲ್ಕು ಮಾತು ಆಡಿ ಬಚಾವಾಗುತ್ತಿದ್ದೆ.

ಏಳು ದಿನ ಕಾಯಲಿಲ್ಲ ಅವರು. ಮೂರನೇ ದಿನಕ್ಕೆ ಪೇವರ್ಸ್ ಎಲ್ಲವನ್ನೂ ಮೊದಲಿದ್ದಂತೆ ಕೂಡಿಸಿದರು. ಕೆಂಪು, ಬೂದು ತಪ್ಪಲಿಲ್ಲ. ತಮ್ಮ ಮನೆಗೆ ನೀರು ತರುವ ಕೆಲಸವನ್ನು ತಮ್ಮ ಕೈಯಾರೆ ಅಷ್ಟು ಅಚ್ಚುಕಟ್ಟಾಗಿ ಮಾಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಆಮೇಲೆ ಮನೆಯನ್ನು ಬಾಡಿಗೆಗೆ ಬಿಟ್ಟು, ಹರಿಹರದಲ್ಲಿ ಹಳೆಯ ಪರಿಚಯದವರ ಮನೆಯ ಹಿಂಭಾಗಕ್ಕೆ ಹೋದರು. ಟೆಂಪೋ ಹೊರಡುವ ದಿನ ನಾನು ಶಾಲೆಯಲ್ಲಿ ಕೆಲಸವಿದೆ ಎಂದು ಬೇಗ ಹೋಗಿದ್ದೆ. ಕೆಲಸವೇನೂ ಇರಲಿಲ್ಲ.

ಮುಂದಿನ ಹೋಳಿಗೆ ಬಣ್ಣ ಕೇಳಲು ಯಾರೂ ಬರಲಿಲ್ಲ. ಆ ಮಳೆಗಾಲದಲ್ಲಿ ನೀರು ಅಧ್ಯಕ್ಷರ ಮನೆಯ ಹಿತ್ತಲಿಗೂ ಬಂತು. ಹದಿನೈದು ದಿನದಲ್ಲಿ ಕಮಿಟಿ ಕೂತು, ಎಲ್ಲ ಮುಚ್ಚಳಗಳ ಮೇಲಿನ ಪೇವರ್ಸ್ ತೆಗೆಸಲು ತೀರ್ಮಾನಿಸಿತು. ಅದಕ್ಕೆ ಒಳಚರಂಡಿ ಸುಧಾರಣಾ ಕಾಮಗಾರಿ ಎಂದು ಹೆಸರು. ಅಧ್ಯಕ್ಷರು ಕಾಯಿ ಒಡೆದು ಹಾರೆ ಮುಟ್ಟಿದರು, ಫೋಟೋ ಆಯಿತು, ಸಿಹಿ ಹಂಚಿದರು. ಆಹ್ವಾನ ಪತ್ರಿಕೆ ಬರೆದವನು ನಾನೇ. ಹಿಂದಿನ ನೋಟಿಸನ್ನು ವಾಪಸು ತೆಗೆದುಕೊಳ್ಳೋಣ, ಅವರಿಗೊಂದು ಪತ್ರ ಬರೆಯೋಣ ಎಂದು ಆ ಸಭೆಯಲ್ಲಿ ಮೆಲ್ಲಗೆ ಹೇಳಿದೆ. "ಅವ್ರು ಈಗ ನಮ್ಮ ಮೆಂಬರೇ ಅಲ್ವಲ್ಲ ಮೇಷ್ಟ್ರೆ" ಎಂದರು ಅಧ್ಯಕ್ಷರು. ನಾನು ಮತ್ತೆ ಹೇಳಲಿಲ್ಲ. ಸಂಘ ಬೇಡ, ನಾನೊಬ್ಬನೇ ಬರೆಯಬಹುದಿತ್ತು. ಹರಿಹರ ಎಷ್ಟು ದೂರ? ಬಸ್ಸು ಹತ್ತಿ ಕೂತರೆ ಶೇಂಗಾ ಪೊಟ್ಟಣ ಮುಗಿಯುವುದರೊಳಗೆ ಬರುತ್ತದೆ. ನಾಳೆ, ನಾಡಿದ್ದು ಎನ್ನುತ್ತ ಎರಡು ವರ್ಷ ಕಳೆದೆ.

ಅವರು ತೀರಿಕೊಂಡ ಸುದ್ದಿ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬಂತು. ಎದೆನೋವು, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೋದರಂತೆ. ಕೆಳಗೆ ಸಾಲಾಗಿ ಕೈಮುಗಿಯುವ ಚಿತ್ರಗಳು. ಆರನೆಯವರು ಇವತ್ತು ನೀರು ಬಿಡುತ್ತಾರಾ ಎಂದು ಕೇಳಿದ್ದರು. ಭಾನುವಾರ ಸಂಘದಲ್ಲಿ ಎರಡು ನಿಮಿಷ ಮೌನ. ಬಡಾವಣೆಯ ಏಳಿಗೆಗಾಗಿ ಹಗಲಿರುಳು ದುಡಿದ ಮಹನೀಯರು ಎಂಬ ಸಂತಾಪ ನಿರ್ಣಯವನ್ನು ಅಧ್ಯಕ್ಷರು ಗದ್ಗದಿತರಾಗಿ ಓದಿದರು. ಅದರ ಕನ್ನಡವೂ ಚೆನ್ನಾಗಿತ್ತು. ನನ್ನದೇ.

ಮರುದಿನ ಹರಿಹರಕ್ಕೆ ಹೋದೆ. ಮನೆ ಹುಡುಕಲು ಕಷ್ಟವಾಗಲಿಲ್ಲ. "ಮೋರಿ ರಿಪೇರಿ ಮಾಡ್ತಿದ್ರಲ್ಲ, ಆ ಯಜಮಾನ್ರಾ?" ಎಂದು ಓಣಿಯ ಬಾಯಲ್ಲಿದ್ದ ಕಿರಾಣಿಯವನು ದಾರಿ ತೋರಿಸಿದ. ಅಲ್ಲೂ ಬಿಟ್ಟಿರಲಿಲ್ಲ ಅವರು. ಅಕ್ಕ ಬಾಗಿಲಲ್ಲೇ ಗುರುತು ಹಿಡಿದರು. ಮುಖ ತಿರುಗಿಸಲಿಲ್ಲ. "ಬರ್ರಿ ಮೇಷ್ಟ್ರೆ, ಕೂಡ್ರಿ" ಎಂದು ಕುರ್ಚಿ ಎಳೆದು ಕೊಟ್ಟು ಚಾ ಮಾಡಲು ಹೋದರು.

ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಎದುರಿನ ಮಂಚದ ಮೇಲೆ ಒಂದು ಅರ್ಜಿ ನಮೂನೆ ಬಿದ್ದಿತ್ತು, ಗಂಡ ತೀರಿಕೊಂಡವರು ಪಿಂಚಣಿಗೆ ಕೊಡುವಂಥದ್ದು. ಖಾಲಿಯಿತ್ತು. ಪಕ್ಕದಲ್ಲೇ ಪೆನ್ನು. ನನಗೆ ಜೀವ ಬಂದಂತಾಯಿತು. ನಾನು ಮಾಡಬಹುದಾದ ಒಂದು ಕೆಲಸವಾದರೂ ಈ ಮನೆಯಲ್ಲಿ ಉಳಿದಿದೆ ಅನ್ನಿಸಿತು. ಅಕ್ಕ ಚಾ ತಂದಾಗ ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಿದ್ದೆ.

"ಇದನ್ನ ನಾನು ತುಂಬಿ ಕೊಡ್ತೀನಿ ಅಕ್ಕ."

ಅವರು ಲೋಟವನ್ನು ಕಿಟಕಿಯ ಮೇಲಿಟ್ಟು, ನನ್ನ ಕೈಯಿಂದ ಅರ್ಜಿಯನ್ನು ಮೆಲ್ಲಗೆ ತೆಗೆದುಕೊಂಡರು. ಪೆನ್ನನ್ನೂ ತೆಗೆದುಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡ್ರಿ ಮೇಷ್ಟ್ರೆ, ನಿಮಗ್ಯಾಕ ತ್ರಾಸು. ಪಕ್ಕದ ಮನಿ ಹುಡುಗಿ ಸಂಜಿಗೆ ಬರ್ತಾಳೆ. ಅಕ್ಷರ ಸುಮಾರು ಐತೆ ಅವಳ್ದು. ಆದ್ರೆ ಹೇಳಿದಷ್ಟೇ ಬರೀತಾಳೆ."